ಪಂದ್ಯಕ್ಕೆ ಆರು ಪಾಯಿಂಟು

ಬೆಳಗಿನ ಏಳೂವರೆಗೆ ಕುಶಲ ಶೆಟ್ಟರ ಹೋಟೆಲಿನ ಮೂಲೆ ಟೇಬಲ್ಲಿನ ಹತ್ತಿರ ಕೂತರೆ ಅಮೆರಿಕದ ಬಾಸ್ಕೆಟ್‌ಬಾಲನ್ನು ನಿಜವಾಗಿ ಯಾರು ನಡೆಸುತ್ತಿದ್ದಾರೆ ಎಂಬುದು ಗೊತ್ತಾಗುತ್ತಿತ್ತು. ಅಮೆರಿಕದವರಲ್ಲ. ಪುಣೆ ಪಕ್ಕದ ಚಿಂಚವಡದ ಇಬ್ಬರು ನಡೆಸುತ್ತಿದ್ದರು. ಒಬ್ಬ ಬಸವಪ್ರಭು, ನಮ್ಮ ಕಾರ್ಖಾನೆಯ ಸ್ಟೋರ್ಸ್ ಮುಖ್ಯಸ್ಥ, ಕಂಪನಿಯ ಬಾಸ್ಕೆಟ್‌ಬಾಲ್ ಸಮಿತಿಯ ಅಧ್ಯಕ್ಷ. ಇನ್ನೊಬ್ಬ ಕಾಡಪ್ಪ, ಹಾಜರಿ ನೋಡುವ ಟೈಮ್ ಆಫೀಸಿನವನು, ಅದೇ ಸಮಿತಿಯ ಸದಸ್ಯ. ಬಸವಪ್ರಭು ಏನು ಹೇಳಿದರೂ ‘ಹೌದ್ರಿ’ ಎನ್ನುವುದು ಕಾಡಪ್ಪನ ಕೆಲಸ. ಆ ಒಂದು ಕೆಲಸಕ್ಕೆ ಮಾತ್ರ ಅವನು ಯಾವತ್ತೂ ರಜೆ ಹಾಕಿದವನಲ್ಲ. ಎದುರಿಗೆ ಇಬ್ಬರನ್ನೂ ನಾನು ಸಾಹೇಬರೇ ಎನ್ನುತ್ತೇನೆ. ಬರೆಯುವಾಗ ಅಷ್ಟೊಂದು ಮರ್ಯಾದೆ ಬೇಡ.

ನಾನು ಶಾಮಲಾ, ಅದೇ ಕಾರ್ಖಾನೆಯ ಪರ್ಸೊನೆಲ್, ಅಂದರೆ ಸಿಬ್ಬಂದಿ ವಿಭಾಗದ ಗುಮಾಸ್ತೆ. ಕಂಪನಿ ಬಸ್ಸು ಎಂಟೂ ಹತ್ತಕ್ಕೆ ಆ ಹೋಟೆಲಿನ ಮುಂದೆಯೇ ನಿಲ್ಲುವುದರಿಂದ ನನ್ನ ಇಡ್ಲಿಯೂ ಅಲ್ಲೇ ಆಗುತ್ತಿತ್ತು. ಹದಿನಾಲ್ಕು ವರ್ಷದಿಂದ ಕಂಪನಿ ತಂಡದ ಪಂದ್ಯಗಳಿಗೆ ಸ್ಕೋರು ಬರೆಯುತ್ತಿದ್ದವಳೂ ನಾನೇ. ಆಟ ಗೊತ್ತಿತ್ತು ಅಂತಲ್ಲ. ಆಗಿನ ಕೋಚ್ ಗೂಳಪ್ಪ ಮಾಸ್ತರರು ನನ್ನ ಅಕ್ಷರ ದುಂಡಗಿದೆ ಎಂದು ಪೆನ್ಸಿಲು ಕೈಗೆ ಕೊಟ್ಟರು, ಅಷ್ಟೆ. ಅವರು ತೀರಿಕೊಂಡು ಏಳು ವರ್ಷವಾದರೂ ಪೆನ್ಸಿಲು ನನ್ನ ಕೈಯಲ್ಲೇ ಉಳಿಯಿತು. ಅಂಗಳದ ಪಕ್ಕದ ಟೇಬಲ್ಲಿಗೆ ಕೂತು ಬಾಯಿ ಮುಚ್ಚಿಕೊಂಡು ನೋಡಿದರೆ ಯಾವ ಆಟವೂ ಅರ್ಥವಾಗುತ್ತದೆ. ಬಾಯಿ ಮುಚ್ಚುವುದೇ ಗಂಡಸರಿಗೆ ಕಷ್ಟ.

ಎರಡು ಸಾವಿರದ ಮೂರರ ಮಾರ್ಚ್ ತಿಂಗಳು. ಗಲ್ಲೆಯ ಮೇಲಿನ ಟಿವಿಯಲ್ಲಿ ಬೆಳಗ್ಗೆ ಬೆಳಗ್ಗೆಯೇ ಅಮೆರಿಕದ ಪಂದ್ಯ ನೇರವಾಗಿ ಬರುತ್ತಿತ್ತು. ಅಲ್ಲಿಯ ಪದ್ಧತಿಯಲ್ಲಿ ವರ್ಷಕ್ಕೊಮ್ಮೆ ಹೊಸ ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಶಿಕಾಗೋ ತಂಡಕ್ಕೆ ಹಾಗೆ ಹೈಸ್ಕೂಲು ಮುಗಿಸಿ ನೇರ ಬಂದ ಇಬ್ಬರು ಎತ್ತರದ ಹುಡುಗರಿಗೆ ಅದು ಎರಡನೆಯ ವರ್ಷ. ಅವರನ್ನು ಇನ್ನೂ ಇಟ್ಟುಕೊಳ್ಳಬೇಕೋ ಕೈಬಿಡಬೇಕೋ ಎಂಬುದು ಇಡೀ ತಿಂಗಳು ಚಿಂಚವಡದಲ್ಲಿ ತೀರ್ಮಾನವಾಗುತ್ತಿತ್ತು.

“ಎರಡ ವರ್ಷ ಆತು,” ಎನ್ನುತ್ತಿದ್ದ ಬಸವಪ್ರಭು, ವಡೆಯನ್ನು ಎರಡು ಹೋಳು ಮಾಡುತ್ತ. “ಎರಡ ವರ್ಷದಾಗ ಬರದ ಆಟ ಇನ್ನ ಯಾವಾಗ ಬರ್ತದ? ಬ್ಯಾರೆ ತಂಡಕ್ಕ ಕೊಟ್ಟ ಕೈ ತೊಳಕೋಬೇಕು.”

“ಹೌದ್ರಿ,” ಎನ್ನುತ್ತಿದ್ದ ಕಾಡಪ್ಪ.

ಕುಶಲ ಶೆಟ್ಟರು ಶಿಕಾಗೋದ ಕೆಂಪು ಟೋಪಿ ಹಾಕಿಕೊಂಡು ಗಲ್ಲೆಯಿಂದಲೇ ಕೂಗುತ್ತಿದ್ದರು. “ಎಂತ ಮಾತಾಡ್ತೀರಿ ಮಾರಾಯ್ರೆ! ಇಪ್ಪತ್ತು ವರ್ಷದ ಮಕ್ಕಳು. ಐದು ವರ್ಷ ಆದ್ರೂ ಕೊಡ್ಬೇಕು. ತಾಳ್ಮೆ ಬೇಕು, ತಾಳ್ಮೆ!”

ಇದೇ ಶೆಟ್ಟರು ಆ ತಿಂಗಳಲ್ಲೇ ಇಬ್ಬರು ದೋಸೆಯವರನ್ನು ಮನೆಗೆ ಕಳಿಸಿದ್ದರು. ಒಬ್ಬನಿಗೆ ಒಂಬತ್ತು ದಿನ, ಇನ್ನೊಬ್ಬನಿಗೆ ಎರಡೇ ದಿನ. ಎರಡನೆಯವನನ್ನು ಸ್ವತಃ ಸ್ಕೂಟರಿನಲ್ಲಿ ಕೂರಿಸಿಕೊಂಡು ಕಾತ್ರಜಕ್ಕೆ ಹೋಗಿ ಊರಿನ ಬಸ್ಸು ಹತ್ತಿಸಿ ಬಂದರು, ಮತ್ತೆ ಹಿಂದಿರುಗಿ ಬಂದಾನು ಎಂಬ ಭಯಕ್ಕೆ. ಇವರ ತಾಳ್ಮೆಯೆಲ್ಲ ಸಮುದ್ರದಾಚೆಗೆ ಮೀಸಲು.

ವಾದ ಬಿಸಿಯಾದಾಗ ಬಸವಪ್ರಭು ತನ್ನ ಹಳೆಯ ಕತೆಯನ್ನು ಹೊರಗೆ ತೆಗೆಯುತ್ತಿದ್ದ. ಅದನ್ನು ನಾನು ನೂರು ಸಲವಾದರೂ ಕೇಳಿರಬೇಕು. “ನಾ ಬಂದಾಗ ಮೊದಲನೇ ವರ್ಷನ ಪಂದ್ಯಕ್ಕ ಹದಿನೆಂಟ ಪಾಯಿಂಟ ಹಾಕ್ತಿದ್ದೆ. ಆದ್ರ ಆ ಗೂಳಪ್ಪ ನನ್ನ ನಾಲ್ಕ ವರ್ಷ ತಿಂದ. ಬೆಂಚಿನ ಮ್ಯಾಲ ಕೂಡಿಸಿ ತಿಂದ. ಇಲ್ಲಂದ್ರ ನಾ ಇಂಡಿಯಾ ಆಡಾಂವಿದ್ದೆ.” ಅವನು ಎಂಬತ್ತೆಂಟರಲ್ಲಿ ಮಹಾರಾಷ್ಟ್ರಕ್ಕೆ ಆಡಿದ್ದು ನಿಜ. ಆ ಫೋಟೋ ಕ್ಯಾಂಟೀನಿನಲ್ಲಿ ಇವತ್ತಿಗೂ ಇದೆ. ಹಾಗಾಗಿ ಉಳಿದದ್ದೂ ನಿಜವೇ ಇರಬೇಕು ಎಂದು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ಅಮೆರಿಕದ ಹುಡುಗರ ಬಗ್ಗೆ ಇವರು ಏನು ಕೊರೆದರೂ ಯಾರಿಗೂ ನಷ್ಟವಿರಲಿಲ್ಲ. ಆದರೆ ನಮ್ಮ ಕಂಪನಿಯಲ್ಲೂ ಒಂದು ಡ್ರಾಫ್ಟ್ ಇತ್ತು. ಅದಕ್ಕೆ ಕ್ರೀಡಾ ಕೋಟಾ ಎನ್ನುತ್ತಿದ್ದೆವು. ಬಸವಪ್ರಭು, ಕಾಡಪ್ಪ ಇಬ್ಬರೂ ಒಂದು ಕಾಲಕ್ಕೆ ಅದರಲ್ಲೇ ಬಂದವರು. ಆಟ ನೋಡಿ ಹುಡುಗರನ್ನು ತರಬೇತಿ ನೌಕರರಾಗಿ ತೆಗೆದುಕೊಳ್ಳುವುದು, ಪ್ರತಿ ಮಾರ್ಚಿನಲ್ಲಿ ಸಮಿತಿ ಕೂತು ಮೂರರಲ್ಲೊಂದು ಹೇಳುವುದು: ಕಾಯಂ, ಇನ್ನೊಂದು ವರ್ಷ, ಅಥವಾ ಮನೆಗೆ. ಆ ವರ್ಷ ಆ ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು, ತಾಯಪ್ಪ.

ತಾಯಪ್ಪ ಜಮಖಂಡಿ ಕಡೆಯವನು. ಆರಡಿ ನಾಲ್ಕಂಗುಲ. ನಮ್ಮ ಆಫೀಸಿನ ಬಾಗಿಲಲ್ಲಿ ತಲೆ ಬಗ್ಗಿಸಿ ಬರುತ್ತಿದ್ದ. ಒಳಗೆ ಬಂದ ಮೇಲೂ ಬಗ್ಗಿಸಿದ ತಲೆ ಎತ್ತುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅವನನ್ನು ಆರಿಸಿ ತಂದವನು ಬಸವಪ್ರಭುವೇ. “ಗ್ವಾಡಿ ತಂದೇನ್ರಿ, ಗ್ವಾಡಿ!” ಎಂದು ಹೋಟೆಲಿನಲ್ಲಿ ಎಲ್ಲರಿಗೂ ಚಹಾ ಕುಡಿಸಿದ್ದ. ಗೋಡೆ ತಂದವನು ಆಮೇಲೆ ಅದು ಯಾಕೆ ಓಡುವುದಿಲ್ಲ, ಯಾಕೆ ಹಾರುವುದಿಲ್ಲ ಎಂದು ಬೈಯಲು ಶುರುಮಾಡಿದ. ತಾಯಪ್ಪ ಪಾಯಿಂಟು ಹಾಕುತ್ತಿರಲಿಲ್ಲ. ಪಂದ್ಯ ಮುಗಿದ ಮೇಲೆ ಬಸವಪ್ರಭು ನನ್ನ ಟೇಬಲ್ಲಿಗೆ ಬಂದು, ಹಾಳೆಯ ಮೇಲೆ ಬೆರಳಿಟ್ಟು, “ತಾಯಪ್ಪ?” ಎನ್ನುತ್ತಿದ್ದ. ನಾನು “ಎರಡು” ಎನ್ನುತ್ತಿದ್ದೆ, ಇಲ್ಲವೇ “ಸೊನ್ನೆ”.

ಲೋಣಾವಳಾದ ಪಂದ್ಯ ನನಗೆ ಚೆನ್ನಾಗಿ ನೆನಪಿದೆ. ಎದುರಿನ ತಂಡದಲ್ಲಿ ಒಬ್ಬ ಭಾರೀ ಆಸಾಮಿ ಇದ್ದ, ಹಿಂದಿನ ಪಂದ್ಯದಲ್ಲಿ ಮೂವತ್ತು ಪಾಯಿಂಟು ಹೊಡೆದವನು. ತಾಯಪ್ಪ ಅವನ ಬೆನ್ನಿಗೆ ಅಂಟಿಕೊಂಡು ನಿಂತ. ಬುಟ್ಟಿಯ ಕೆಳಗೆ ಕಾಲಿಡಲು ಬಿಡಲಿಲ್ಲ. ಚೆಂಡು ತನ್ನ ಕೈಗೆ ಬಂದಾಗ ಮಾತ್ರ ಬಿಸಿ ಪಾತ್ರೆ ಮುಟ್ಟಿದವನಂತೆ ಪಕ್ಕದವನಿಗೆ ಕೊಟ್ಟುಬಿಡುತ್ತಿದ್ದ. ಆ ಆಸಾಮಿ ಹೊಡೆದದ್ದು ಏಳು. ನಾವು ಮೂರು ಪಾಯಿಂಟಿನಿಂದ ಗೆದ್ದೆವು. ಬಸವಪ್ರಭು ಚಿಕ್ಕಿ ಕಡಿಯುತ್ತ ಬಂದು “ತಾಯಪ್ಪ?” ಎಂದ. ನಾನು “ಸೊನ್ನೆ” ಎಂದೆ.

ತಾಯಪ್ಪ ಅಂಗಳದಲ್ಲಿದ್ದಾಗ ಎದುರಾಳಿಯ ಸಾಲಿನಲ್ಲಿ ನನ್ನ ಪೆನ್ಸಿಲಿಗೆ ಕೆಲಸ ಕಡಿಮೆ. ಅವನು ಹೊರಗೆ ಕೂತ ಕೂಡಲೇ ಬರೆದು ಬರೆದು ಬೆರಳು ನೋಯುತ್ತಿತ್ತು. ಎರಡು ವರ್ಷದಿಂದ ನನಗೆ ಇದು ಗೊತ್ತಿತ್ತು. ಆದರೆ ಹಾಳೆಯಲ್ಲಿ ಇದ್ದದ್ದು ಪಾಯಿಂಟಿನ ಕಾಲಂ ಮತ್ತು ಫೌಲಿನ ಕಾಲಂ. ತಡೆದದ್ದಕ್ಕೆ ಕಾಲಂ ಇರಲಿಲ್ಲ, ನಾನೂ ಒಂದು ಗೆರೆ ಎಳೆಯಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೇರೆಯವರನ್ನು ಇಷ್ಟು ಆಡಿಕೊಳ್ಳುವ ನನಗೆ ಈ ವಿಷಯದಲ್ಲಿ ನಾಚಿಕೆಯಾಗಬೇಕು. ಆಗುತ್ತದೆ ಕೂಡ.

ಮಾರ್ಚ್ ಎರಡನೆಯ ವಾರ ತಾಯಪ್ಪ ನನ್ನ ಟೇಬಲ್ಲಿನ ಮುಂದೆ ಬಂದು ನಿಂತ.

“ಅಕ್ಕಾರ, ಒಂದ ಮಾತ ಕೇಳ್ಲೇನ್ರಿ?”

“ಕೇಳು ತಮ್ಮಾ.”

“ನಾ ಹಾಸಿಗಿ ಸುತ್ತಬೇಕೇನ್ರಿ?”

ಹಾಸ್ಟೆಲಿನ ಹುಡುಗರು ಆಗಲೇ ಅವನ ಮಂಚಕ್ಕೆ ಹೆಸರು ಬರೆಸಲು ಓಡಾಡುತ್ತಿದ್ದರಂತೆ. ಊರಲ್ಲಿ ಅವ್ವ ಸಾವಂತ್ರವ್ವ, ಮಗ ಪುಣೆಯಲ್ಲಿ ದೊಡ್ಡ ಕಾರ್ಖಾನೆಯಲ್ಲಿದ್ದಾನೆ ಎಂದು ಓಣಿಯಲ್ಲೆಲ್ಲ ಹೇಳಿ ಮುಗಿಸಿದ್ದಳು. “ಕೆಲಸ ಹೋದ್ರ ಹೋಗ್ಲಿರಿ, ದುಡ್ಯಾಕ ಕೈ ಅದಾವ,” ಎಂದ. “ಆದ್ರ ಆಟ ಬರಂಗಿಲ್ಲಂತ ಹೊಳ್ಳಿ ಕಳಿಸಿದ್ರು ಅಂತ ಹ್ಯಾಂಗ ಹೇಳ್ಲಿ? ಆಟ ಬರ್ತದ್ರಿ ನನಗ.” ಅಷ್ಟು ಹೇಳಿ, ಹೆಚ್ಚಾಯಿತೇನೋ ಎಂಬಂತೆ ಬಾಗಿಲ ಕಡೆ ನೋಡಿದ.

“ಸಮಿತಿ ಇನ್ನೂ ಕೂತಿಲ್ಲ, ನೋಡೋಣ,” ಎಂದೆ. ಗುಮಾಸ್ತರ ಮಾತು.

ಮರುದಿನ ಬೆಳಗ್ಗೆ ಶೆಟ್ಟರ ಹೋಟೆಲಿನಲ್ಲಿ ಬಸವಪ್ರಭು ನ್ಯಾಪ್ಕಿನ್ ಕಾಗದದ ಮೇಲೆ ಒಂದು ನಿಯಮ ಬರೆದ. ಅಮೆರಿಕದವರು ಹೀಗೇ ಲೆಕ್ಕ ಹಾಕಿ ನಡೆಯುತ್ತಾರೆ, ನಮ್ಮ ಹಾಗೆ ಮುಖ ನೋಡಿ ಮಣೆ ಹಾಕುವುದಿಲ್ಲ ಎಂದ. ನಿಯಮ ಇಷ್ಟೇ: ಎರಡು ವರ್ಷದ ಕೊನೆಗೆ ಸರಾಸರಿ ಪಂದ್ಯಕ್ಕೆ ಆರು ಪಾಯಿಂಟು ಇಲ್ಲದವನು ಮನೆಗೆ. ಎಂಟು ಇಡಬೇಕೆಂದಿದ್ದನಂತೆ, ದಯೆ ತೋರಿಸಿ ಆರು ಮಾಡಿದ್ದನಂತೆ. ಕಾಡಪ್ಪ ‘ಹೌದ್ರಿ’ ಎಂದ. ಐದು ವರ್ಷದ ತಾಳ್ಮೆಯ ಶೆಟ್ಟರು ಕೂಡ “ನಿಮ್ಮ ಹುಡುಗನ ವಿಷಯ ಬೇರೆ ಬಿಡಿ, ಅವ ಏನು ಅಮೆರಿಕದವನಾ?” ಎಂದು ಚಿಲ್ಲರೆ ಎಣಿಸಿದರು. ಬಸವಪ್ರಭು ಆ ಕಾಗದವನ್ನು ನನ್ನ ತಟ್ಟೆಯ ಪಕ್ಕ ಇಟ್ಟು ಟೈಪ್ ಮಾಡಲು ಹೇಳಿದ. ಚಟ್ನಿ ತಾಗದಂತೆ ಅದನ್ನು ಮಡಚಿ ಪರ್ಸಿಗೆ ಹಾಕಿಕೊಂಡೆ.

ನಮ್ಮ ಪರ್ಸೊನೆಲ್ ಮ್ಯಾನೇಜರು ಸುಲಭಾ ಮ್ಯಾಡಮ್, ಪುಣೆಯ ಮರಾಠಿಯವರು. ಆಟದ ಗಂಧಗಾಳಿ ಇಲ್ಲ, ಆದರೆ ಯೂನಿಯನ್ನಿನ ಗಂಧ ಚೆನ್ನಾಗಿ ಗೊತ್ತು. ಟೈಪಾದ ನಿಯಮವನ್ನು ಓದಿ ಬಸವಪ್ರಭುವನ್ನು ಕರೆಸಿದರು. ಒಬ್ಬ ಹುಡುಗನಿಗಾಗಿ ಈಗ ಹೊಸ ನಿಯಮ ಮಾಡಿದರೆ ಯೂನಿಯನ್ನಿನವರು ಕೇಳುವುದಿಲ್ಲವೇ ಎಂದರು, ಮರಾಠಿಯಲ್ಲಿ. ಬಸವಪ್ರಭು ಎದೆ ಸೆಟೆಸಿದ. ತಂಡ ಶುರುವಾದಾಗಿನಿಂದ ಬಂದ ಎಲ್ಲ ಹುಡುಗರಿಗೂ ಇದೇ ಅಳತೆ ಹಚ್ಚಿ ನೋಡಿ, ಆಗ ಗೊತ್ತಾಗುತ್ತದೆ ನಮ್ಮ ಕಾಲದಲ್ಲಿ ಎಂಥವರಿದ್ದರು ಎಂದು ತಾನೂ ಮರಾಠಿಯಲ್ಲೇ ಹೇಳಿ, ನನ್ನ ಕಡೆ ತಿರುಗಿದ.

“ಹಳೇ ಸ್ಕೋರ್ ಬುಕ್ಕ ಎಲ್ಲಾ ಅದಾವಲ್ರಿ ಶಾಮಲಾಬಾಯಿ?”

“ಅದಾವ್ರಿ. ಎಪ್ಪತ್ತೊಂಬತ್ತರಿಂದ ಅದಾವ.”

“ತಗೀರಿ. ಎಲ್ಲಾರದೂ ತಗೀರಿ.”

“ಎಲ್ಲಾರದೂ ಏನ್ರಿ ಸಾಹೇಬ್ರ?”

“ಒಮ್ಮೆ ಹೇಳಿದ್ರ ತಿಳಿಯಂಗಿಲ್ಲೇನು? ಎಲ್ಲಾರದೂ.”

ಹೇಳಿದ್ದನ್ನು ಮಾಡುವುದು ನನ್ನ ಕೆಲಸ. ಸ್ಟೇಶನರಿ ಕಪಾಟಿನ ಕೆಳಗಿನ ಅರೆಯಿಂದ ಗೂಳಪ್ಪ ಮಾಸ್ತರರ ಪುಸ್ತಕಗಳನ್ನು ತೆಗೆದೆ. ಅವರು ತೀರಿಕೊಂಡ ಮೇಲೆ ಯಾರೂ ಅವನ್ನು ಮುಟ್ಟಿರಲಿಲ್ಲ. ಧೂಳಿಗೆ ಸೀನಿ ಸೀನಿ ಮೂಗು ಕೆಂಪಾಯಿತು. ಪ್ರತಿ ವರ್ಷದ ಪುಸ್ತಕದ ಕೊನೆಯಲ್ಲಿ ಅವರೇ ಒಂದು ಕೋಷ್ಟಕ ಹಾಕಿದ್ದರು: ಹೆಸರು, ಆಡಿದ ಪಂದ್ಯ, ಹಾಕಿದ ಪಾಯಿಂಟು, ಕೊನೆಗೆ ಷರಾ. ಅಂಕಿಗಳು ಇಂಗ್ಲಿಷಿನಲ್ಲಿ, ಷರಾ ಮಾತ್ರ ಕನ್ನಡದಲ್ಲಿ. ಮ್ಯಾನೇಜರುಗಳು ಓದಬಾರದೆಂದು ಹಾಗೆ ಬರೆಯುತ್ತಿದ್ದರು ಎಂದು ಕಾಣುತ್ತದೆ. ಎರಡು ಮಧ್ಯಾಹ್ನ ಕೂತು ಕೂಡಿಸಿ ಭಾಗಿಸಿದೆ. ಮೊದಲ ಸಲ ಉತ್ತರ ಬಂದಾಗ ನಾನೇ ತಪ್ಪಿರಬೇಕು ಎಂದುಕೊಂಡು ಮತ್ತೆ ಕೂಡಿಸಿದೆ. ಎರಡನೆಯ ಸಲವೂ ಅದೇ ಬಂತು. ಆಮೇಲೆ ಷರಾಗಳನ್ನು ಓದಿದೆ. ಓದಿ, ಪುಸ್ತಕ ಮುಚ್ಚಿ, ಒಂದು ಲೋಟ ನೀರು ಕುಡಿದೆ.

ಶುಕ್ರವಾರ ಸಭೆ. ಸುಲಭಾ ಮ್ಯಾಡಮ್, ಬಸವಪ್ರಭು, ಕಾಡಪ್ಪ, ನಾನು. ತಾಯಪ್ಪನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಗಾಜಿನ ಬಾಗಿಲಿನಾಚೆ ಅವನ ಮೊಣಕಾಲುಗಳು ಕಾಣುತ್ತಿದ್ದವು.

ನಾನು ಪಟ್ಟಿಯನ್ನು ಮರಾಠಿಯಲ್ಲಿ ಓದಿದೆ. “ಎಪ್ಪತ್ತೊಂಬತ್ತರಿಂದ ಇಲ್ಲಿಯವರೆಗೆ ಕ್ರೀಡಾ ಕೋಟಾದಲ್ಲಿ ಬಂದವರು ಹನ್ನೆರಡು. ಎರಡು ವರ್ಷದ ಕೊನೆಗೆ ಪಂದ್ಯಕ್ಕೆ ಆರು ಪಾಯಿಂಟು ಮುಟ್ಟಿದವರು ಒಬ್ಬರು. ರೋಹಿತ ಎಂಬ ಹುಡುಗ, ಮೂರನೆಯ ವರ್ಷ ಮುಂಬೈಯ ಇನ್ನೊಂದು ಕಂಪನಿ ಸೇರಿಕೊಂಡ. ಉಳಿದ ಹನ್ನೊಂದು ಮಂದಿ ನಿಯಮದ ಪ್ರಕಾರ ಮನೆಗೆ.”

ಬಸವಪ್ರಭು ನಕ್ಕ. “ಹನ್ನೊಂದ ಅಲ್ರಿ, ಹತ್ತ. ನನ್ನ ಬಿಟ್ಟೀರಿ.”

“ಬಿಟ್ಟಿಲ್ರಿ,” ಎಂದು ಮುಂದೆ ಓದಿದೆ. “ತಾಯಪ್ಪ, ಎರಡು ವರ್ಷ, ಮೂವತ್ತನಾಲ್ಕು ಪಂದ್ಯ, ಎಪ್ಪತ್ತೊಂದು ಪಾಯಿಂಟು. ಕಾಡಪ್ಪ, ಇಪ್ಪತ್ತೆರಡು ಪಂದ್ಯ, ಹತ್ತೊಂಬತ್ತು ಪಾಯಿಂಟು. ಬಸವಪ್ರಭು, ಎಂಬತ್ತೆರಡರಿಂದ ಎಂಬತ್ತನಾಲ್ಕು, ಇಪ್ಪತ್ತೊಂಬತ್ತು ಪಂದ್ಯ, ಐವತ್ತೆಂಟು ಪಾಯಿಂಟು. ಪಂದ್ಯಕ್ಕೆ ಸರಿಯಾಗಿ ಎರಡು. ತಾಯಪ್ಪನಿಗಿಂತ ತುಸು ಕಡಿಮೆ.”

ಕಾಡಪ್ಪ ಬಾಯಿ ತೆರೆದ. ಹೇಳಲು ಅವನ ಹತ್ತಿರ ಒಂದೇ ಮಾತಿತ್ತು, ಅದು ಅಲ್ಲಿಗೆ ಹೊಂದುತ್ತಿರಲಿಲ್ಲ. ಮತ್ತೆ ಮುಚ್ಚಿಕೊಂಡ.

“ಸುಳ್ಳ!” ಎಂದು ಬಸವಪ್ರಭು ಕನ್ನಡದಲ್ಲೇ ಕೂಗಿದ. “ಅವ ಗೂಳಪ್ಪ ನನ್ನ ಪಾಯಿಂಟ ಬರದಿಲ್ಲ. ನನ್ನ ಕಂಡ್ರ ಅವಗ ಆಗತಿರಲಿಲ್ಲ. ನಾಲ್ಕ ವರ್ಷ—”

“ಪುಸ್ತಕ ಇಲ್ಲೇ ಅದ ಸಾಹೇಬ್ರ. ಒಂದೊಂದ ಬಾಸ್ಕೆಟ್ಟೂ ಬರದಾರ. ಕೂಡಿಸಿ ನೋಡ್ರಿ.”

ನನಗೆ ಆ ಗಳಿಗೆ ಎಷ್ಟು ಹಿಗ್ಗು ಕೊಟ್ಟಿತೆಂದರೆ ಹೇಳಿಕೊಳ್ಳಲು ಸಂಕೋಚ. ಹದಿನಾಲ್ಕು ವರ್ಷ ಕೇಳಿದ ಹದಿನೆಂಟು ಪಾಯಿಂಟಿನ ಸಾಲವನ್ನೆಲ್ಲ ಒಂದೇ ಸಲ ತೀರಿಸಿದ ಹಾಗಾಯಿತು. ಸುಲಭಾ ಮ್ಯಾಡಮ್ ಕನ್ನಡಕ ತೆಗೆದು ಒರೆಸಿದರು. ಹಾಗಾದರೆ ಈ ನಿಯಮ ಆಗ ಇದ್ದಿದ್ದರೆ ಇವತ್ತು ಇದನ್ನು ಬರೆಯಲು ನೀವೇ ಇರುತ್ತಿರಲಿಲ್ಲ, ಅಲ್ಲವೇ ಎಂದು ಬಹಳ ಮೃದುವಾಗಿ ಕೇಳಿದರು. ಪುಣೆಯ ಹೆಂಗಸರು ಮೃದುವಾಗಿ ಮಾತಾಡಿದಾಗ ಎದುರಿಗಿರುವುದು ಸುಖವಲ್ಲ. ನಿಯಮದ ಹಾಳೆಯನ್ನು ಅವರು ಹಿಂದಕ್ಕೆ ಸರಿಸಿದರು. ತಾಯಪ್ಪನ ಬಗ್ಗೆ ಸಂಜೆಯೊಳಗೆ ಅಧ್ಯಕ್ಷರೇ ಪುಸ್ತಕದಲ್ಲಿ ಷರಾ ಬರೆದು ಕಳಿಸಲಿ, ಅದೇ ಅಂತಿಮ ಎಂದು ಎದ್ದುಹೋದರು.

ಅಲ್ಲಿಗೆ ಗೆದ್ದೆ ಎಂದು ನಾನು ತಿಳಿದುಕೊಂಡದ್ದು ನನ್ನ ದಡ್ಡತನ. ಅವಮಾನವಾದ ಗಂಡಸಿನ ಕೈಗೆ ಪೆನ್ನು ಕೊಟ್ಟರೆ ಏನಾಗುತ್ತದೆ ಎಂಬುದು ಹೊರಗೆ ಬಂದ ಮೇಲೆ ಹೊಳೆಯಿತು. ಬಸವಪ್ರಭು ಬೆಂಚಿನ ಮುಂದೆ ಹಾದುಹೋಗುವಾಗ ತಾಯಪ್ಪನ ಮುಖವನ್ನು ಸಹ ನೋಡಲಿಲ್ಲ. ನಾನು ಹಿಗ್ಗಿದ್ದಕ್ಕೆ ದಂಡ ಕಟ್ಟುವವನು ಈ ಹುಡುಗ. “ಏನಾತ್ರಿ ಅಕ್ಕಾರ?” ಎಂದ ತಾಯಪ್ಪ. “ಸಂಜಿತನಾ ತಡಿ,” ಎಂದೆ. ಅವನು ಮತ್ತೆ ಅದೇ ಬೆಂಚಿನ ಮೇಲೆ ಕೂತ.

ಐದು ಗಂಟೆಗೆ ಬಸವಪ್ರಭು ಬಂದ. ಮುಖ ಗಂಟಿಕ್ಕಿಕೊಂಡಿತ್ತು. ಕುರ್ಚಿ ಎಳೆದು ಕೂತು, ಈ ವರ್ಷದ ಪುಸ್ತಕಕ್ಕೆ ಕೈ ಚಾಚಿದ. ನಾನು ಅದನ್ನು ಕೊಡಲಿಲ್ಲ. ಎಂಬತ್ತಮೂರರ ಪುಸ್ತಕದ ಕೊನೆಯ ಪುಟ ಬಿಚ್ಚಿ ಮುಂದಿಟ್ಟೆ.

“ಮತ್ಯಾಕ? ಒಮ್ಮೆ ಮಾನಾ ಕಳದೀರಿ, ಸಾಲಲಿಲ್ಲೇನು?”

“ಪಾಯಿಂಟ ನೋಡಬ್ಯಾಡ್ರಿ. ಷರಾ ಓದ್ರಿ.”

ಗೂಳಪ್ಪ ಮಾಸ್ತರರ ಅಕ್ಷರ ಕಾಗೆ ಕಾಲು. ಅವನು ಕನ್ನಡಕ ಏರಿಸಿ ಒಂದೊಂದೇ ಪದ ಬಿಡಿಸಿದ. “ಓಡೂದು ಚಲೋ. ಮಾತು ಭಾಳ. ತೆಗೆಯಬೇಕೆಂದು ಮ್ಯಾನೇಜರ ಹಟ. ಒಪ್ಪಲಿಲ್ಲ. ಇನ್ನೊಂದು ವರ್ಷ ನೋಡೋಣ.”

ಎಂಬತ್ತನಾಲ್ಕು ಬಿಚ್ಚಿದೆ. “ಈ ವರ್ಷವೂ ಪಾಯಿಂಟು ಇಲ್ಲ. ಆಡಿಸಿದರೆ ಮ್ಯಾನೇಜರ ಕಣ್ಣಿಗೆ ಬೀಳುತ್ತಾನೆ, ಬೆಂಚಿನ ಮೇಲಿರಲಿ. ಇನ್ನೊಂದು ವರ್ಷ ನೋಡೋಣ.” ಎಂಬತ್ತೈದರಲ್ಲಿ, “ಕೈ ಕೂಡುತ್ತಿದೆ. ನನ್ನನ್ನು ಕಂಡರೆ ಸಿಟ್ಟು. ಇರಲಿ, ಸಿಟ್ಟಿನಿಂದ ಆಡಲಿ. ಇನ್ನೊಂದು ವರ್ಷ ನೋಡೋಣ.” ಎಂಬತ್ತಾರರಲ್ಲಿ ಬರೀ, “ಇನ್ನೊಂದು ವರ್ಷ ನೋಡೋಣ.” ಎಂಬತ್ತೇಳರ ಷರಾ ಖಾಲಿ. ಆ ವರ್ಷ ಅವನು ಪಂದ್ಯಕ್ಕೆ ಹದಿನೆಂಟು ಹಾಕಿದ್ದ.

ಬಸವಪ್ರಭು ಷರಾ ಇದ್ದ ನಾಲ್ಕೂ ಪುಸ್ತಕಗಳನ್ನು ಸಾಲಾಗಿ ಇಟ್ಟುಕೊಂಡು ಮತ್ತೊಮ್ಮೆ ಮೊದಲಿನಿಂದ ಓದಿದ. ಕಣ್ಣೀರು ಹಾಕಿದ ಎಂದು ಬರೆದರೆ ನಿಮಗೆ ಹಿತವಾಗುತ್ತದೆ, ಆದರೆ ಹಾಕಲಿಲ್ಲ. ಮೂಗು ಸೀಟಿಕೊಂಡ, ಧೂಳು ಎಂದ. ಮಾಸ್ತರರು ಸತ್ತಾಗ ಇವನು ಮಣ್ಣಿಗೆ ಹೋಗಿರಲಿಲ್ಲ. ಅದು ಅವನಿಗೂ ನೆನಪಾಗಿರಬೇಕು.

“ಇದನ್ನ ಯಾಕ ಯಾರೂ ನನಗ ಹೇಳಲಿಲ್ಲ?”

“ನೀವು ಯಾರಿಗೆ ಮಾತಾಡಾಕ ಬಿಟ್ಟೀರ್ರಿ ಸಾಹೇಬ್ರ?”

ಅದಕ್ಕೆ ಅವನು ಸಿಟ್ಟಾಗಲಿಲ್ಲ. ಈ ವರ್ಷದ ಪುಸ್ತಕ ಎಳೆದುಕೊಂಡು, ತಾಯಪ್ಪನ ಹೆಸರಿನ ಮುಂದೆ ಪೆನ್ನಿಟ್ಟ. “ಇವ ಲೋಣಾವಳಾದಾಗ ಆ ಗೂಳಿಯಂಥಾಂವನ್ನ ಹಿಡದ ನಿಲ್ಲಿಸಿದ್ದಾ, ಹೌದಿಲ್ಲ?” ಎಂದು ತಲೆ ಎತ್ತದೆ ಕೇಳಿದ. ಹಾಗಾದರೆ ನೋಡಿದ್ದ. ಚಿಕ್ಕಿ ತಿನ್ನುತ್ತಲೇ ನೋಡಿದ್ದ. ಆಮೇಲೆ ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಮೂರು ಪದ ಬರೆದು ಸಹಿ ಹಾಕಿ ಹೋದ. “ತಡೆಯುತ್ತಾನೆ. ಇನ್ನೊಂದು ವರ್ಷ.” ನಾನು ಸುಲಭಾ ಮ್ಯಾಡಮ್ಮಿಗೆ ಅದನ್ನು ಮರಾಠಿಯಲ್ಲಿ ಹೇಳಿ ಪತ್ರ ಟೈಪ್ ಮಾಡಿದೆ. ಹೊರಗೆ ಬೆಂಚಿನ ಮೇಲಿದ್ದವನಿಗೆ, “ಹಾಸಿಗಿ ಹಾಸ್ಕೊಂಡ ಮಕ್ಕೋ ಹೋಗು,” ಎಂದೆ. ಅವನು ಎದ್ದು ಹೊರಬಾಗಿಲು ದಾಟುವಾಗ ಮೊದಲ ಸಲ ತಲೆ ಎತ್ತಿದ, ಬಾಗಿಲ ಪಟ್ಟಿಗೆ ಢಬ್ಬೆಂದು ಬಡಿಯಿತು.

ಒಂದು ರಾತ್ರಿಯಲ್ಲಿ ಮನುಷ್ಯ ಬದಲಾಗುತ್ತಾನೆ ಎಂದು ನಾನು ನಂಬುವುದಿಲ್ಲ. ಮರುದಿನ ಬೆಳಗ್ಗೆ ಬಸವಪ್ರಭು ಅದೇ ಮೂಲೆ ಟೇಬಲ್ಲಿನಲ್ಲಿ ಕೂತು, “ಎತ್ತರದ ಹುಡುಗ್ರಿಗೆ ಐದ ವರ್ಷ ಬೇಕಾಗ್ತದ, ನಾ ಮೊದಲಿಂದ ಹೇಳಾಕತ್ತೇನಿ,” ಎಂದು ಶಿಕಾಗೋದವರಿಗೆ ಬುದ್ಧಿ ಹೇಳುತ್ತಿದ್ದ. “ಹೌದ್ರಿ,” ಎಂದ ಕಾಡಪ್ಪ. ನನಗೆ ಇಡ್ಲಿ ನೆತ್ತಿಗೇರಿತು.

ಶೆಟ್ಟರಿಗೆ ಇದನ್ನು ಸಹಿಸಲಾಗಲಿಲ್ಲ. ತಮ್ಮ ವಾದವನ್ನು ಇವನು ಕದ್ದರೆ ತಮಗೆ ವಾದಿಸಲು ಏನು ಉಳಿಯಿತು? ಗಲ್ಲೆಯಿಂದ ಕೆಣಕಿದರು. “ಅಲ್ಲ ಮಾರಾಯ್ರೆ, ನಿಮ್ಮ ಆ ಗೂಳಪ್ಪ ಮಾಸ್ತ್ರು ನಿಮ್ಮ ನಾಲ್ಕು ವರ್ಷ ತಿಂದ್ರು ಅಂತಿದ್ರಲ್ಲ, ಅದೆಂತ ಆಯ್ತು?”

ಕತೆ ಶುರುವಾಗುತ್ತದೆ ಎಂದು ನಾನು ಪರ್ಸು ಎತ್ತಿಕೊಂಡೆ. ಆದರೆ ಬಸವಪ್ರಭು ತಟ್ಟೆಯಲ್ಲಿ ಉಳಿದಿದ್ದ ವಡೆಯ ಚೂರನ್ನು ಬೆರಳಿನಿಂದ ಅತ್ತಿತ್ತ ದೂಡಿದ. ಹೊರಗೆ ಕಂಪನಿ ಬಸ್ಸು ಬಂದು ಹಾರ್ನ್ ಹೊಡೆಯಿತು. ಅವನು ಏಳಲಿಲ್ಲ.

“ತಿಂದಿಲ್ರಿ,” ಎಂದ. “ಕೊಟ್ಟಾರ. ನಾಲ್ಕ ವರ್ಷ ನನಗ ಕೊಟ್ಟಾರ ಅವ್ರು.”

ಕಾಡಪ್ಪ ಅಭ್ಯಾಸಬಲದಿಂದ “ಹೌದ್ರಿ,” ಎಂದ. ಹದಿನಾಲ್ಕು ವರ್ಷದಲ್ಲಿ ಆ ಮಾತು ಸರಿಯಾದ ಜಾಗಕ್ಕೆ ಬಿದ್ದದ್ದು ಅದೊಂದೇ ಸಲ. ನಾನು ಬಸ್ಸಿಗೆ ಹೋದೆ, ಡ್ರೈವರನಿಗೆ ಎರಡು ನಿಮಿಷ ತಡೆಯಲು ಹೇಳಿದೆ.